ನೆಟ್ ಸ್ಲೋ, ಭಾವ

ನಾನು ಕ್ಷಮಿಸುವ ಪೈಕಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಓದುವವರು ನನ್ನಿಂದ ದೊಡ್ಡ ಮನಸ್ಸು ನಿರೀಕ್ಷಿಸಿ ಬೇಸರಪಡುವುದು ಬೇಡ. ಮೊಬೈಲಿಗೆ ಇಂಟರ್ನೆಟ್ ಬಂದು ಅದರ ವೇಗ ಏರುತ್ತಾ ಹೋದ ವರ್ಷಗಳಲ್ಲಿ ನಂಜನಗೂಡಿನ ಜನ ಅದರಿಂದ ಏನೇನೋ ಮಾಡಿಕೊಂಡರು. ಕೆಲವರು ವ್ಯಾಪಾರ ಕುದುರಿಸಿಕೊಂಡರು, ಕೆಲವರು ಕ್ರಿಕೆಟ್ ಸ್ಕೋರ್ ನೋಡಿದರು. ನಾನು ನನ್ನ ಗಂಡನ ಅಣ್ಣನ ಮೇಲೆ ಸೇಡು ತೀರಿಸಿಕೊಂಡೆ.

ತೊಂಬತ್ತರ ದಶಕದಲ್ಲಿ ನಮ್ಮದು ಪೇಟೆ ಬೀದಿಯ ಕೂಡುಕುಟುಂಬ. ಭಾವನವರಿಗೆ ಸಿಮೆಂಟು, ಕಬ್ಬಿಣದ ಅಂಗಡಿ. ಮನೆಯ ಫೋನು ಅವರ ಹೆಸರಿನಲ್ಲಿತ್ತು. ಅದಕ್ಕೆ ಎಷ್ಟೋ ವರ್ಷ ಕಾದು, ಯಾರ ಯಾರದೋ ಕೈಕಾಲು ಹಿಡಿದು ತಂದಿದ್ದರಂತೆ. ನಡುಮನೆಯ ಸ್ಟೂಲಿನ ಮೇಲೆ, ಕ್ರೋಶಾ ಹೆಣಿಗೆಯ ಹೊದಿಕೆಯ ಕೆಳಗೆ, ಡಯಲ್ಲಿಗೆ ಸಣ್ಣ ಬೀಗ ಹಾಕಿಸಿಕೊಂಡು ಅದು ಕೂತಿರುತ್ತಿತ್ತು. ಹೊರಗೆ ಹೋಗುವ ಕರೆಗೆ ಡಯಲ್ಲಿನ ಬೀಗ, ಒಳಗೆ ಬರುವ ಕರೆಗೆ ಭಾವನೇ ಬೀಗ. ಮನೆಯ ಹೆಂಗಸರಿಗೆ ಯಾರು ಫೋನ್ ಮಾಡಿದರೂ ಎತ್ತುವವರು ಅವರು. ‘ಏನ್ ಇಸ್ಯ? ನಂಗೇ ಯೋಳಿ, ನಾ ತಿಳಿಸ್ತೀನಿ’ ಅನ್ನುವರು. ಆ ಕಡೆಯ ಮಾತನ್ನು ಪೂರ್ತಿ ಕೇಳಿಸಿಕೊಂಡು, ರಿಸೀವರ್ ಇಟ್ಟು, ಅಡುಗೆಮನೆಯ ಬಾಗಿಲಿನಲ್ಲಿ ನಿಂತ ನಮಗೆ ತಮಗೆ ಬೇಕಾದಷ್ಟನ್ನು ಹೇಳುವರು. ನಾವು ಏನಾದರೂ ಉತ್ತರ ಕೊಡಬೇಕಿದ್ದರೆ ಅದೂ ಅವರ ಬಾಯಿಂದಲೇ ಹೋಗಬೇಕು. ಭಾವನ ಎದುರು ತಮ್ಮನ ಹೆಂಡತಿ ಜೋರಾಗಿ ಮಾತಾಡುವಂತಿಲ್ಲವಲ್ಲ, ಹಾಗಾಗಿ ಇದನ್ನು ಯಾರೂ ತಪ್ಪೆಂದು ತಿಳಿದಿರಲಿಲ್ಲ. ಮರ್ಯಾದಸ್ಥರ ಮನೆಯ ಪದ್ಧತಿ ಎನ್ನುತ್ತಿದ್ದರು.

ನನ್ನ ತವರು ಟಿ. ನರಸೀಪುರ. ಬಸ್ಸಿನಲ್ಲಿ ಹೋದರೆ ಒಂದು ಬೆಳಗಿನ ದಾರಿಯೂ ಅಲ್ಲ. ಆದರೂ ವರ್ಷಕ್ಕೆ ಎರಡು ಹಬ್ಬ ಬಿಟ್ಟರೆ ನನ್ನನ್ನು ಕಳಿಸುತ್ತಿರಲಿಲ್ಲ. ಅವ್ವ ಪ್ರತಿ ಸೋಮವಾರ ದೇವಸ್ಥಾನ ಮುಗಿಸಿಕೊಂಡು ಅಲ್ಲಿನ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಬಂದು ಫೋನ್ ಮಾಡುವಳು. ನಾನು ಬಾಗಿಲ ಹಿಂದೆ ಕೈ ಒರೆಸಿಕೊಳ್ಳುತ್ತಾ ನಿಂತಿರುತ್ತಿದ್ದೆ. ಭಾವ ‘ಊಂ… ಊಂ… ಆಯ್ತು’ ಅನ್ನುವರು. ಆಮೇಲೆ ನನ್ನ ಕಡೆ ನೋಡದೆ, ‘ಎಲ್ಲಾ ಚೆನ್ನಾಗವ್ರಂತೆ’ ಅನ್ನುವರು. ಅಷ್ಟೇ. ಅವ್ವ ಅಲ್ಲಿ ನಿಂತು ಅಷ್ಟು ಹೊತ್ತು ಆಡಿದ ಮಾತು ನನ್ನ ಪಾಲಿಗೆ ಬರುವಾಗ ಎರಡೇ ಪದ ಆಗಿರುತ್ತಿತ್ತು.

ಒಂದು ವರ್ಷ ಮಠದ ಸ್ವಾಮಿಗಳ ಪಾದಪೂಜೆ ನಮ್ಮ ಮನೆಯಲ್ಲಿ ಎಂದಾಯಿತು. ವಾರವಿಡೀ ನೆಂಟರು, ಬೀದಿಗೆಲ್ಲ ಊಟ. ಅಡುಗೆಮನೆಯಲ್ಲಿ ಕೈ ಸಾಲದು. ಆ ವಾರದ ಸೋಮವಾರವೂ ಫೋನು ಬಂತು. ಭಾವ ಎಂದಿಗಿಂತ ಹೆಚ್ಚು ಹೊತ್ತು ಕೇಳಿಸಿಕೊಂಡರು. ಒಮ್ಮೆ ನನ್ನ ಕಡೆ ನೋಡಿದರು ಕೂಡ. ರಿಸೀವರ್ ಇಟ್ಟು, ‘ಎಲ್ಲಾ ಚೆನ್ನಾಗವ್ರಂತೆ, ಓಗು, ಹೂರಣ ರುಬ್ಬೋದು ನೋಡು’ ಅಂದರು.

ಪಾದಪೂಜೆ ಮುಗಿಯುವ ಹೊತ್ತಿಗೆ ಅವ್ವ ತೀರಿಹೋಗಿದ್ದಳು.

ಮಣ್ಣು ಮುಗಿಸಿ ಬಂದ ಮೇಲೆ ಅತ್ತಿಗೆ, ನನ್ನ ಅಣ್ಣನ ಹೆಂಡತಿ, ನನ್ನನ್ನು ಹಿತ್ತಲಿಗೆ ಕರೆದು ಕೇಳಿದಳು. ‘ಯಾಕಮ್ಮಿ ಬರ್ನಿಲ್ಲ? ಎದೆ ನೋವು ಅಂತಿದ್ರು, ಆಸ್ಪತ್ರೆಗೆ ಬನ್ನಿ ಅಂದ್ರೆ ಕೇಳ್ನಿಲ್ಲ. ಸೋಮವಾರ ಒಬ್ರೇ ಬೂತ್‌ಗೆ ಓಗಿ ನಿಂಗೆ ಫೋನ್ ಮಾಡ್ಬುಟ್ಟು ಬಂದ್ರು. ಬಂದೋರೇ ಮಲ್ಕಂಡ್ರು. ಎಲ್ಲಾ ಯೋಳಿದೀನಿ, ಅವ್ಳು ಬತ್ತಾಳೆ ಅಂದ್ರು. ಬಾಗಿಲು ಹಾಕಾಕೂ ಬುಡ್ನಿಲ್ಲ.’

ಎಲ್ಲಾ ಹೇಳಿದ್ದೀನಿ ಅಂದಳಂತೆ ಅವ್ವ. ಏನು ಹೇಳಿದಳು? ಬೂತಿನಲ್ಲಿ ಅವಳ ಪಕ್ಕ ಯಾರೂ ಇರಲಿಲ್ಲ. ಅವಳು ಕೊನೆಯದಾಗಿ ನನಗೆಂದು ಆಡಿದ ಮಾತು ಈ ಲೋಕದಲ್ಲಿ ಒಬ್ಬರ ಕಿವಿಯಲ್ಲಿ ಮಾತ್ರ ಇತ್ತು. ಊರಿಗೆ ವಾಪಸ್ ಬಂದ ಮೇಲೆ, ಭಾವನನ್ನು ಕೇಳಿ ಎಂದು ಗಂಡನಿಗೆ ಹೇಳಿದೆ. ಗಂಡ ಒಳ್ಳೆಯವರು, ಯಾರಿಗೂ ಎದುರಾಡದವರು. ಒಳ್ಳೆಯತನ ಎಂದು ಊರು ಅದನ್ನು ಕರೆಯುತ್ತದೆ, ನಾನು ಬೇರೆ ಹೆಸರಿಟ್ಟಿದ್ದೇನೆ. ‘ಓಗ್ಲಿ ಬುಡು, ಈಗ ಕೇಳಿ ಏನಾಗ್ಬೇಕು’ ಅಂದರು. ನಾನು ಬಿಡಲಿಲ್ಲ. ಬಾಯಿ ಮಾತ್ರ ಮುಚ್ಚಿಕೊಂಡೆ. ಭಾವನಿಗೆ ದಿನಾ ಮುದ್ದೆ ಬಡಿಸಿದೆ. ಇವರಿಗೆ ಬೇಕಾದದ್ದೊಂದು ನನ್ನ ಕೈಗೆ ಸಿಗಲಿ, ಆಗ ನೋಡೋಣ ಅಂದುಕೊಂಡೆ.

ಅತ್ತೆ ಹೋದ ಮೇಲೆ ಮನೆ ಪಾಲಾಯಿತು. ಮುಂಭಾಗ, ಫೋನಿನ ಸಮೇತ, ಭಾವನಿಗೆ. ಹಿಂಭಾಗ, ನದಿ ಕಡೆಯ ಓಣಿಗೆ ಬಾಗಿಲಿದ್ದದ್ದು, ನಮಗೆ. ಪಾಲಿನ ದಿನ ಒಂದು ಹಂಡೆಯ ವಿಷಯಕ್ಕೆ ಮಾತಿಗೆ ಮಾತು ಬೆಳೆದು ಭಾವ ಹತ್ತು ಜನರ ಮುಂದೆ, ‘ಇನ್ ಆ ಒಸ್ಲು ತುಳಿಯಾಕಿಲ್ಲ ನಾನು’ ಎಂದುಬಿಟ್ಟರು. ಹಂಡೆ ಅವರಿಗೇ ಹೋಯಿತು. ಮಾತನ್ನೂ ಉಳಿಸಿಕೊಂಡರು.

ನಾನು ಟೈಪಿಂಗ್ ಕಲಿತಿದ್ದೆ. ಆಮೇಲೆ ಕಂಪ್ಯೂಟರ್ ಕ್ಲಾಸಿಗೂ ಹೋಗಿ ಬಂದೆ. ಎರಡು ಸಾವಿರದ ದಶಕದ ಆರಂಭದಲ್ಲಿ ಓಣಿಯ ಕೋಣೆಯಲ್ಲಿ ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ಇಟ್ಟು ಜಾಬ್ ಟೈಪಿಂಗ್ ಶುರು ಮಾಡಿದೆ. ಅರ್ಜಿ, ಬಯೋಡೇಟಾ, ಕೈಗಾರಿಕಾ ಪ್ರದೇಶದ ಕೆಲಸಕ್ಕೆ ಹಾಕುವವರ ಪತ್ರ, ಇಂಥವು. ಪರೀಕ್ಷೆಯ ಫಲಿತಾಂಶ ಇಂಟರ್ನೆಟ್ಟಿನಲ್ಲಿ ಬರತೊಡಗಿದಾಗ ನನಗೂ ಲೈನು ಬೇಕಾಯಿತು. ಟೆಲಿಫೋನಿನ ಕಂಬ ಪೇಟೆ ಬೀದಿಯಲ್ಲಿ. ಅಲ್ಲಿಂದ ತಂತಿ ನನ್ನ ಕೋಣೆಗೆ ಬರಬೇಕಾದರೆ ಭಾವನ ಗೋಡೆ ಹಾಯಬೇಕು. ಲೈನ್‌ಮ್ಯಾನ್ ಏಣಿ ತಂದು ಒರಗಿಸಿದ್ದ. ಭಾವ ಬನಿಯನ್ನಿನಲ್ಲೇ ಹೊರಗೆ ಬಂದು, ‘ನನ್ ಗೋಡೆ ಮ್ಯಾಲೆ ಒಂದು ತಂತೀನೂ ಓಗಕೂಡ್ದು, ಏಣಿ ಎತ್ಕೊ’ ಅಂದರು. ಅವನು ಏಣಿ ಎತ್ತಿಕೊಂಡು ಹೋದ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಈ ಮನುಷ್ಯನಿಗೆ ನನ್ನ ಕಿವಿಗೆ ಏನೂ ತಲುಪಬಾರದು ಎಂದು ಯಾವ ಜನ್ಮದ ಹಟವೋ ಅನ್ನಿಸಿತು.

ಗಾಳಿಗೆ ಗೋಡೆ ಕಟ್ಟಲು ಮಾತ್ರ ಅವರಿಗೆ ಆಗಲಿಲ್ಲ. ಅಷ್ಟರಲ್ಲಿ ಬಸ್ ನಿಲ್ದಾಣದ ಕಡೆ ಮೊಬೈಲ್ ಟವರ್ ಎದ್ದಿತ್ತು. ನಾನು ಒಂದು ಮೊಬೈಲ್ ಕೊಂಡು, ಕೇಬಲ್ಲಿನಿಂದ ಅದನ್ನು ಕಂಪ್ಯೂಟರಿಗೆ ಚುಚ್ಚಿ, ಸಿಗ್ನಲ್ ಸಿಗಲೆಂದು ಕಿಟಕಿಯ ಸರಳಿಗೆ ದಾರದಲ್ಲಿ ಕಟ್ಟಿದೆ. ನೆಟ್ ಬಂತು. ಬಂತು ಅಂದರೆ, ತೆವಳುತ್ತಾ ಬಂತು. ಒಂದು ಪುಟ ತೆರೆಯಲು ಇಟ್ಟು ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬಂದರೂ ಅರ್ಧ ಬಿಳಿಯಾಗಿಯೇ ಇರುತ್ತಿತ್ತು. ಆ ಟವರಿನ ಕೆಲಸಕ್ಕೆ ಬರುತ್ತಿದ್ದ ಎಂಜಿನಿಯರ್ ಒಬ್ಬರು ನನ್ನಲ್ಲಿ ಪ್ರಿಂಟ್ ತೆಗೆಸುತ್ತಿದ್ದರು. ಯಾಕೆ ಸಾರ್ ಹೀಗೆ ಅಂತ ಕೇಳಿದೆ. ಮೈಸೂರು ಬಸ್ಸು ಅಂದುಕೊಳ್ಳಿ ಅಂದರು ಅವರು. ಮಾತಾಡುವ ಕರೆಗಳಿಗೆ ಮೊದಲು ಸೀಟು, ಅವರೆಲ್ಲ ಕೂತು ಖಾಲಿ ಉಳಿದ ಸೀಟಿನಲ್ಲಿ ನಿಮ್ಮ ನೆಟ್ ಕೂರಬೇಕು. ಊರಿನವರೆಲ್ಲ ಫೋನಿನಲ್ಲಿ ಹರಟೆ ಹೊಡೆಯುವ ಭಾನುವಾರ ಸೀಟೇ ಇರುವುದಿಲ್ಲ.

ಇನ್ನೊಂದೆರಡು ವರ್ಷಕ್ಕೆ ಮೊಬೈಲಿನ ಮೂಲೆಯಲ್ಲಿ ಜಿ ಅಕ್ಷರದ ಬದಲು ಇ ಅಕ್ಷರ ಬಂತು. ಎಡ್ಜ್ ಎಂದು ಅದರ ಹೆಸರು. ಬಸ್ಸು ಅದೇ, ಸೀಟೂ ಅವೇ, ಆದರೆ ಒಬ್ಬರು ಕೂರುವ ಜಾಗದಲ್ಲಿ ಮೂವರನ್ನು ಒತ್ತಿ ಕೂರಿಸುವ ಯುಕ್ತಿ ಕಂಡುಹಿಡಿದಿದ್ದಾರೆ ಅಂದರು ಅದೇ ಎಂಜಿನಿಯರ್. ಆಗ ಒಂದು ಪುಟ್ಟ ಕ್ಯಾಮೆರಾ ತಂದು ಮಾನಿಟರಿನ ಮೇಲೆ ಕೂರಿಸಿದೆ, ವಿಡಿಯೋದಲ್ಲಿ ಮುಖ ಕಾಣತೊಡಗಿತು. ಚೌಕ ಚೌಕವಾಗಿ, ಬಾಯಿ ಒಂದು ಕಡೆ ಮಾತು ಒಂದು ಕಡೆ, ಮಧ್ಯೆ ಮಧ್ಯೆ ನಿಂತುಹೋಗುತ್ತಾ. ಆದರೂ ಮುಖ ಮುಖವೇ.

ಭಾವನಿಗೆ ಬೇಕಾದದ್ದು ನನ್ನ ಕೈಗೆ ಸಿಕ್ಕಿದ್ದು ಹೀಗೆ. ಅವರ ಮಗಳನ್ನು ಸೈನ್ಯದಲ್ಲಿದ್ದವರಿಗೆ ಕೊಟ್ಟಿದ್ದರು. ಆ ಅಳಿಯನಿಗೆ ಅಸ್ಸಾಮಿಗೆ ವರ್ಗವಾಯಿತು. ಅಲ್ಲೇ ಹೆರಿಗೆಯಾಯಿತು. ನಾಮಕರಣದ ಫೋಟೋ ಅಂಚೆಯಲ್ಲಿ ಬಂತು. ಫೋನಿನಲ್ಲಿ ಮಗಳು ಮಾತಾಡುತ್ತಿದ್ದಳು. ಆದರೆ ಭಾವನಿಗೆ ಮಗು ನಗುವುದನ್ನು, ಮಗುಚುವುದನ್ನು, ಅಂಬೆಗಾಲಿಡುವುದನ್ನು ನೋಡಬೇಕಿತ್ತು. ಅವರ ಹೆಂಡತಿ ಆಗಲೇ ತೀರಿಹೋಗಿದ್ದರು, ಮಗಳು ಒಬ್ಬಳೇ, ಇದು ಮೊದಲ ಮೊಮ್ಮಗು. ಅಷ್ಟು ದೂರದ ರೈಲಿಗೆ ಅವರ ಮಂಡಿ ಬಗ್ಗುತ್ತಿರಲಿಲ್ಲ, ಅಳಿಯನಿಗೆ ರಜೆ ಸಿಗುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಸೈಬರ್ ಸೆಂಟರಿನಲ್ಲಿ ಕಾಲೇಜು ಹುಡುಗರು ಪರದೆ ಎಳೆದುಕೊಂಡು ಕೂರುತ್ತಿದ್ದರು. ಅಲ್ಲಿಗೆ ವಿಭೂತಿ ಧರಿಸಿದ ಈ ಯಜಮಾನರು ಹೋಗುವುದುಂಟೇ? ಮಗಳೇ ಹೇಳಿದಳು, ‘ಚಿಕ್ಕವ್ವನ ಹತ್ರ ಹೋಗಿ ಅಪ್ಪಾಜಿ, ಭಾನುವಾರ ಭಾನುವಾರ ವಿಡಿಯೋ ಹಾಕ್ತೀನಿ.’

ಬಂದರು. ಪೇಟೆ ಬೀದಿಯಿಂದ ಸುತ್ತಿಕೊಂಡು, ಓಣಿ ಹಿಡಿದು, ನನ್ನ ಬಾಗಿಲಿಗೆ. ಹೊಸಿಲು ತುಳಿಯುವುದಿಲ್ಲವೆಂದು ಮಾತು ಕೊಟ್ಟಿದ್ದರಲ್ಲ, ಜಗಲಿಯ ಮೇಲೆ ನಿಂತರು. ನಾನು ಪ್ಲಾಸ್ಟಿಕ್ ಕುರ್ಚಿ ಹೊರಗೆ ಹಾಕಿದೆ. ಕಂಪ್ಯೂಟರಿನ ಮುಖ ಒಳಗಡೆಗೆ ಇತ್ತು, ಬೆನ್ನು ಅವರ ಕಡೆಗೆ. ತಿರುಗಿಸಬಹುದಿತ್ತು. ತಿರುಗಿಸಲಿಲ್ಲ. ಹೆಡ್‌ಫೋನ್ ಕಿವಿಗೆ ಹಾಕಿಕೊಂಡು ಕೂತೆ. ಮಗಳಿಗೆ, ನಿಮ್ಮಪ್ಪ ಜಗಲಿಯಲ್ಲೇ ಕೂರುತ್ತಾರಂತೆ, ಒಳಗೆ ಬರುವುದಿಲ್ಲವಂತೆ ಎಂದೆ. ಅವಳಿಗೆ ಹಂಡೆಯ ಕತೆ ಗೊತ್ತು. ಅಪ್ಪಾಜಿ ಹಟ ಅಂದರೆ ಹಟ ಎಂದು ನಕ್ಕಳು.

‘ಮಗು ಎಂಗದೆ?’ ಜಗಲಿಯಿಂದ ಭಾವ ಕೇಳಿದರು.

ಮಗು ಅಂಗಾತ ಮಲಗಿ ತನ್ನ ಕಾಲಿನ ಹೆಬ್ಬೆರಳನ್ನು ಬಾಯಿಗೆ ಎಳೆದುಕೊಳ್ಳಲು ಒದ್ದಾಡುತ್ತಿತ್ತು. ಗಲ್ಲದಲ್ಲಿ ಗುಳಿ ಬೀಳುತ್ತಿತ್ತು. ಸಾಕ್ಷಾತ್ ಭಾವನ ಮೂಗು.

‘ಚೆನ್ನಾಗದೆ’ ಅಂದೆ.

‘ಯಾರಂಗದೆ ಕಾಣಕೆ?’

‘ನೆಟ್ ಸ್ಲೋ, ಭಾವ. ಸರ್ಯಾಗಿ ಕಾಣ್ತಿಲ್ಲ.’

ಅವತ್ತು ನನಗೆ ಊಟ ಎಷ್ಟು ರುಚಿಸಿತೆಂದರೆ ಗಂಡ ಏನು ವಿಶೇಷ ಎಂದು ಕೇಳಿದರು.

ಹೀಗೆ ಭಾನುವಾರಗಳು ಕಳೆದವು. ಭಾವ ಒಂದು ವಾರವೂ ತಪ್ಪಿಸುತ್ತಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಕುರ್ಚಿಯ ಅಂಚಿನಲ್ಲಿ ಕೂರುವರು. ಮಾನಿಟರಿನ ಬೆನ್ನನ್ನೇ ದಿಟ್ಟಿಸುವರು. ಮಗು ಕೂತಿತು, ನಿಂತಿತು, ಗೋಡೆ ಹಿಡಿದು ನಡೆಯಿತು. ನಾನು ಎಲ್ಲವನ್ನೂ ನೋಡಿದೆ, ಅವರಿಗೆ ಎರಡೆರಡು ಪದ ಕೊಟ್ಟೆ. ಸ್ವಲ್ಪ ಮುಖ ತೋರಿಸವ್ವ ಅಂದರೆ ನೆಟ್ ಸ್ಲೋ. ಈ ಕಡೆ ತಿರುಗಿಸವ್ವ ಅಂದರೆ ಮೊಬೈಲಿನ ವೈರು ಸಾಲದು, ಸಿಗ್ನಲ್ ಹೋಗುತ್ತದೆ. ಸಿಗ್ನಲ್ ಅಂದರೆ ತಲೆಯಾಡಿಸಿ ಮತ್ತೆ ಮಾನಿಟರಿನ ಬೆನ್ನನ್ನೇ ನೋಡುವರು. ನಿಧಾನವಾದ ನೆಟ್ಟನ್ನು ಊರೆಲ್ಲ ಬಯ್ಯುತ್ತಿದ್ದಾಗ ನಾನೊಬ್ಬಳು ಅದು ಹೀಗೇ ಇರಲಪ್ಪ ಎಂದು ಹಾರೈಸುತ್ತಿದ್ದೆ.

ಅದು ಹಾಗೇ ಇರಲಿಲ್ಲ. ದಶಕ ಮುಗಿಯುತ್ತಾ ಬಂದಾಗ ಪೇಟೆ ಬೀದಿಗೆ ಅಡ್ಡಲಾಗಿ ಬ್ಯಾನರ್ ಕಟ್ಟಿದರು. ತ್ರೀಜಿ ಬಂತು, ಮಿಂಚಿನ ವೇಗ ಎಂದು ಬರೆದಿತ್ತು. ಬಾಲದ ಹಾಗೆ ಕಂಪ್ಯೂಟರಿಗೆ ಸಿಕ್ಕಿಸುವ ಡಾಂಗಲ್ ಮಾರತೊಡಗಿದರು. ವ್ಯಾಪಾರಕ್ಕೆ ಬೇಕಲ್ಲ, ನಾನೂ ಒಂದು ತಂದೆ. ಅದರ ದೀಪ ಹಸಿರಿದ್ದರೆ ಹಳೆಯ ನೆಟ್, ನೀಲಿಯಾದರೆ ತ್ರೀಜಿ. ಇದು ಸೀಟಿನಲ್ಲಿ ಒತ್ತಿಕೊಳ್ಳುವ ಬಸ್ಸಲ್ಲ, ಅಗಲವಾದ ಹೊಸ ರಸ್ತೆ, ಎಲ್ಲರೂ ಒಟ್ಟಿಗೇ ಹೋಗಬಹುದು, ಒಬ್ಬರದು ಇನ್ನೊಬ್ಬರದಕ್ಕೆ ಬೆರೆಯದ ಹಾಗೆ ಪ್ರತಿಯೊಬ್ಬರಿಗೂ ಬೇರೆ ಗುರುತು ಅಂಟಿಸಿರುತ್ತಾರೆ ಅಂದರು ಎಂಜಿನಿಯರ್. ದೀಪ ನೀಲಿಯಾದ ದಿನ ಒಂದು ಫೈಲು ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿದುಬಿಟ್ಟಿತು. ಎಲ್ಲರಿಗೂ ಸಂತೋಷವಾದಾಗ ನನಗೆ ಕೈಯಲ್ಲಿದ್ದದ್ದನ್ನು ಕಿತ್ತುಕೊಂಡ ಹಾಗಾಯಿತು.

ಆ ಭಾನುವಾರ ಮಧ್ಯಾಹ್ನ ಭಾವ ಹೊತ್ತಿಗೆ ಮುಂಚೆಯೇ ಬಂದರು. ಬ್ಯಾನರ್ ಓದಿಕೊಂಡಿದ್ದರು. ಕುರ್ಚಿಯಲ್ಲಿ ಕೂತು ನಗುತ್ತಾ ಅಂದರು, ‘ಈಗ ನೆಟ್ಟು ಜೋರಾಗಿ ಬಂದದಂತಲ್ಲವ್ವ. ಇನ್ ನೀನು ನೋಡಿ ನೋಡಿ ನಂಗೆ ಯೋಳೋ ತಾಪತ್ರಯ ತಪ್ತು. ಪಾಪ, ಇಷ್ಟ್ ದಿನ ನಂಗೋಸ್ಕರ ಕಣ್ ನೋಯಿಸ್ಕಂಡೆ.’

ನಾನು ತಿರುಗಿ ನೋಡಿದೆ. ಕೊಂಕಿರಲಿಲ್ಲ ಆ ಮುಖದಲ್ಲಿ.

‘ನಮ್ಮನೇಲಿ ಅಂಗೇ ಅಲ್ವಾ’ ಅಂದರು ಮುಂದುವರಿದು. ‘ಒಬ್ರು ಕೇಳಿಸ್ಕಂಡು ಇನ್ನೊಬ್ರಿಗೆ ಯೋಳೋದು. ಈಗಿನ್ ಕಾಲದಲ್ಲಿ ಯಾರವ್ವ ಇಟ್ಕತಾರೆ ಪದ್ಧತೀಯ? ನೀನು ಇಟ್ಕಂಡಿದೀಯ ಅಂತ ನಾನು ಅಂಗಡೀಲಿ ಎಲ್ರತ್ರಾನೂ ಅಂತೀನಿ.’

ಅಷ್ಟು ಭಾನುವಾರಗಳ ನನ್ನ ಸೇಡು ಈ ಮನುಷ್ಯನ ಚರ್ಮಕ್ಕೇ ತಾಗಿರಲಿಲ್ಲ. ನಾನು ಚುಚ್ಚುತ್ತಿದ್ದೇನೆಂದು ತಿಳಿದಿದ್ದೆ, ಇವರು ನಾನು ಸೇವೆ ಮಾಡುತ್ತಿದ್ದೇನೆಂದು ತಿಳಿದಿದ್ದರು. ಊರಿಗೆಲ್ಲ ನನ್ನನ್ನು ಹೊಗಳಿಕೊಂಡು ಬಂದಿದ್ದರು. ಇದಕ್ಕಿಂತ ದೊಡ್ಡ ಅವಮಾನ ನನಗೆ ಅವರ ಮನೆಯಲ್ಲೂ ಆಗಿರಲಿಲ್ಲ.

‘ಭಾವ, ಒಂದು ಮಾತು ಕೇಳ್ತೀನಿ’ ಅಂದೆ. ‘ಅದನ್ನ ಹೇಳಿ, ಕಂಪ್ಯೂಟರ್ ಈ ಕಡೆ ತಿರುಗಿಸ್ತೀನಿ. ಪಾದಪೂಜೆ ವಾರ ನಮ್ಮವ್ವ ಫೋನ್ ಮಾಡಿದ್ರಲ್ಲ. ಏನಂದ್ರು?’

‘ಯಾವ ಪಾದಪೂಜೆ?’

‘ಮಠದ ಸ್ವಾಮಿಗಳದು. ಅವ್ವ ಹೋದ ವಾರ.’

ಅವರು ಹಣೆ ಉಜ್ಜಿಕೊಂಡರು. ಓಣಿಯ ಕಡೆ ನೋಡಿದರು. ಸುಳ್ಳು ಹುಡುಕುತ್ತಿದ್ದರೆ ನನಗೆ ತಿಳಿಯುತ್ತಿತ್ತು. ನಿಜವಾಗಿಯೂ ನೆನಪು ಹುಡುಕುತ್ತಿದ್ದರು.

‘ಫೋನು ದಿನಾ ಬತ್ತಿದ್ದೋ ಕನವ್ವ. ಸಿಮೆಂಟ್ ಬಂತಾ, ಕಂಬಿ ಬಂತಾ ಅಂತ. ನಂಗೆಲ್ಲಿ ಗ್ಯಾನ ಬತ್ತದೆ? ನಿಮ್ಮವ್ವ ಮಾಡಿದ್ರಾ?’

ಅಷ್ಟು ವರ್ಷ ಆ ಮಾತು ಅವರ ಕಿವಿಯಲ್ಲಾದರೂ ಭದ್ರವಾಗಿದೆ ಎಂದು ನಂಬಿದ್ದೆ. ಬಚ್ಚಿಟ್ಟಿದ್ದಾರೆ, ಒಂದಲ್ಲ ಒಂದು ದಿನ ಕಕ್ಕಿಸುತ್ತೇನೆ ಎಂದುಕೊಂಡಿದ್ದೆ. ಅವರು ಬಚ್ಚಿಡಲೂ ಇಲ್ಲ. ರಿಸೀವರ್ ಇಟ್ಟ ಗಳಿಗೆಯಲ್ಲೇ ಅದನ್ನು ಬಿಸಾಡಿದ್ದರು. ಅವ್ವನ ಕೊನೆಯ ಮಾತು ಈಗ ಎಲ್ಲೂ ಇರಲಿಲ್ಲ. ನಾನು ಅಲ್ಲೇ ಅತ್ತುಬಿಡಬಹುದಿತ್ತು. ಇವರ ಮುಂದೆ ಅಳುವುದಿಲ್ಲ ಎಂದು ಹಲ್ಲು ಕಚ್ಚಿದೆ.

ಅಷ್ಟರಲ್ಲಿ ಅಸ್ಸಾಮಿನಿಂದ ಕರೆ ಬಂತು. ಡಾಂಗಲ್ಲಿನ ದೀಪ ನೀಲಿಯಾಗಿತ್ತು. ನಾನು ಹೆಡ್‌ಫೋನಿನ ವೈರು ಕಿತ್ತು ಹಾಕಿದೆ, ಸ್ಪೀಕರ್ ಜೋರು ಮಾಡಿದೆ. ಮಾನಿಟರನ್ನು ಎರಡೂ ಕೈಯಿಂದ ಹಿಡಿದು ಬಾಗಿಲ ಕಡೆ ತಿರುಗಿಸಿದೆ. ಕ್ಯಾಮೆರಾ ನಮ್ಮಿಬ್ಬರನ್ನೂ ನೋಡುವ ಹಾಗೆ ಇಟ್ಟೆ.

ಚೌಕಗಳಿರಲಿಲ್ಲ, ನಿಲ್ಲುವುದಿರಲಿಲ್ಲ. ಮಗಳು ನೆಲದ ಮೇಲೆ ಕೂತಿದ್ದಳು, ಮಡಿಲಲ್ಲಿ ಮಗು, ಮಗುವಿನ ಮುಂದೆ ಸ್ಟೀಲ್ ತಟ್ಟೆ, ಕೈಯಲ್ಲಿ ಚಮಚ. ಟಣ್ ಟಣ್ ಎಂದು ಬಡಿಯುತ್ತಿತ್ತು. ಒಂದೊಂದು ಏಟಿಗೂ ತಾನೇ ಬೆಚ್ಚಿ ತಾನೇ ನಗುತ್ತಿತ್ತು. ಭಾವ ಕುರ್ಚಿಯಿಂದ ಎದ್ದರು. ಅಪ್ಪಯ್ಯಾ ಎನ್ನುತ್ತಾ, ಹತ್ತು ಜನರ ಮುಂದೆ ಕೊಟ್ಟ ಮಾತನ್ನೂ ಹೊಸಿಲನ್ನೂ ಒಟ್ಟಿಗೇ ದಾಟಿ ಒಳಗೆ ಬಂದು ಪರದೆಯ ಮುಂದೆ ಬಗ್ಗಿ ನಿಂತರು. ‘ನನ್ ಮೂಗೇ ಕನವ್ವ’ ಅಂದರು. ಅವರ ಕಣ್ಣಲ್ಲಿ ನೀರು ಬಂದಿತ್ತು. ಸ್ವಲ್ಪ ಹೊತ್ತು ನೋಡಿಕೊಳ್ಳಲು ಬಿಟ್ಟೆ. ನೋಡದೇ ಇರುವ ಅಭ್ಯಾಸ ಅವರಿಗಾಗಿತ್ತು. ಕೈಗೆ ಬಂದದ್ದು ಹೋಗುವುದು ಹೇಗಿರುತ್ತದೆ ಎಂದು ಗೊತ್ತಾಗಲಿ ಅನ್ನಿಸಿತು.

ಆಮೇಲೆ ಮಗಳಿಗೆ ಹೇಳಿದೆ. ಗಲಾಟೆ ಮಾಡಲಿಲ್ಲ, ದನಿ ಏರಿಸಲಿಲ್ಲ. ‘ನಮ್ಮವ್ವ ಸಾಯೋ ವಾರ ನನ್ನ ಕರೆಯೋಕೆ ಫೋನ್ ಮಾಡಿದ್ಲು ಕಣೆ. ನಿಮ್ಮಪ್ಪ ಎಲ್ಲಾ ಕೇಳಿಸ್ಕೊಂಡು, ಚೆನ್ನಾಗವ್ರಂತೆ, ಹೋಗಿ ಹೂರಣ ರುಬ್ಬು ಅಂದ್ರು. ನಾ ರುಬ್ದೆ. ಅವಳು ಬಾಗಿಲು ನೋಡ್ಕೊಂಡೇ ಹೋದ್ಲು. ಅವಳು ಏನಂದ್ಲು ಅಂತ ಈಗ ಕೇಳ್ದೆ. ನಿಮ್ಮಪ್ಪನಿಗೆ ಮರ್ತೋಗಿದೆಯಂತೆ.’

ಭಾವ ನನ್ನ ಕಡೆ ತಿರುಗಿದರು. ಮತ್ತೆ ಪರದೆಯ ಕಡೆ ತಿರುಗಿದರು. ಮಗಳು ಅಪ್ಪನನ್ನೇ ನೋಡುತ್ತಿದ್ದಳು. ಅವಳ ಮುಖದ ನಗು ಇಳಿದುಹೋಗುವುದು ಇಲ್ಲಿ ನಂಜನಗೂಡಿನ ಓಣಿಯಲ್ಲಿ, ಇಳಿದ ಗಳಿಗೆಯಲ್ಲೇ, ಸ್ಪಷ್ಟವಾಗಿ ಕಂಡಿತು. ನನಗೆ ಆದ ತೃಪ್ತಿಯನ್ನು ನಾನು ಯಾರಿಂದಲೂ ಮುಚ್ಚಿಡುವುದಿಲ್ಲ.

‘ಹೌದಾ ಅಪ್ಪಾಜಿ?’ ಅಂದಳು.

ಭಾವ ಮತ್ತೆ ಹಣೆ ಉಜ್ಜಿಕೊಂಡರು. ಅವಳು ಕಾದಳು. ಕಣ್ಣು ಮಿಟುಕಿಸದೆ, ತುಟಿ ಅಲುಗಿಸದೆ, ಹಾಗೇ ನೋಡುತ್ತಾ ಕೂತಳು. ಆ ನೋಟದ ಮುಂದೆ ನಿಲ್ಲಲಾಗದೆ ಅವರು ನನ್ನ ಕಡೆ ಬೇಡುವವರ ಹಾಗೆ ತಿರುಗಿದರು.

‘ನೆಟ್ಟು ನಿಂತೋಯ್ತೇನವ್ವ?’

‘ಇಲ್ಲ ಭಾವ’ ಅಂದೆ. ‘ನೆಟ್ ಚೆನ್ನಾಗಿದೆ.’

ಅವಳ ಮಡಿಲಲ್ಲಿ ಮಗು ತಟ್ಟೆ ಬಡಿಯುತ್ತಲೇ ಇತ್ತು. ಒಂದು ಏಟೂ ತಪ್ಪದೆ ಅದರ ಸದ್ದು ನಮ್ಮ ಕೋಣೆಗೆ ಬರುತ್ತಿತ್ತು.